ಅಂಗಡಿಯಲ್ಲಿ ಅಮ್ಮೊ ಸಿಗದಾಗ ಮನೆಯಲ್ಲೇ ರೀಲೋಡಿಂಗ್: ಬಲ್ಲವರ ಮಾತು

ಕೇಳಿದ್ದು: ಟೆಕ್ಸಸ್‌ನಲ್ಲಿದ್ದೇವೆ. ಗುರಿ ಅಭ್ಯಾಸದ ರೇಂಜಿಗೆ ಒಂದು 9 ಎಂಎಂ ಪಿಸ್ತೂಲು, ಒಂದು .223 ಬೋಲ್ಟ್ ರೈಫಲ್. ಅಂಗಡಿಯಲ್ಲಿ ಅಮ್ಮೊ (ಮದ್ದುಗುಂಡು) ಇರುವುದಿಲ್ಲ, ಇದ್ದರೆ ಒಬ್ಬರಿಗೆ ಒಂದೇ ಡಬ್ಬಿ. ಹಾರಿಸಿ ಉಳಿದ ಖಾಲಿ ಕೇಸ್ (ಹಿತ್ತಾಳೆ ಚಿಪ್ಪು) ಒಂದು ಬಕೆಟ್ ಕೂಡಿದೆ. ರೀಲೋಡಿಂಗ್, ಅಂದರೆ ಆ ಕೇಸನ್ನೇ ಮತ್ತೆ ತುಂಬುವುದು, ಶುರುಮಾಡುವುದಾದರೆ ಮೊದಲು ಏನು ಕೊಳ್ಳಬೇಕು, ಎಲ್ಲಿ ಎಡವುತ್ತಾರೆ? ತಿಳಿದವರು ಹೇಳಿ.

ಆಸ್ಟಿನ್‌ನಿಂದ:

ಪ್ರೆಸ್ (ಕೇಸ್ ತುಂಬುವ ಕೈಯಂತ್ರ) ಆಮೇಲೆ, ಮೊದಲು ಪ್ರೈಮರ್ (ಕೇಸಿನ ತಳದಲ್ಲಿ ಕೂತು ಹೊಡೆತಕ್ಕೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಹುಡುಕಿ. ಕೇಸ್, ಪ್ರೈಮರ್, ಪೌಡರ್ (ಮದ್ದು), ಗುಂಡು (ಹಾರುವ ತುದಿ) ಈ ನಾಲ್ಕರಲ್ಲಿ ಮನೆಯಲ್ಲಿ ಮಾಡಿಕೊಳ್ಳಲಾಗದ್ದು, ಎರಡನೇ ಸಲ ಬಳಸಲಾಗದ್ದು, ಅಭಾವ ಬಂದಾಗ ಮೊದಲು ಮಾಯವಾಗುವುದು ಪ್ರೈಮರ್. 2020ಕ್ಕೆ ಮೊದಲು ಸಾವಿರಕ್ಕೆ 30-40 ಡಾಲರ್ ಇದ್ದದ್ದು 2021ರಲ್ಲಿ ನೂರು ದಾಟಿತು. ಅಂದರೆ ಒಂದೊಂದು ಸುತ್ತಿನಲ್ಲೂ (ಪೂರ್ತಿ ಕಟ್ಟಿದ ತೋಟೆಯಲ್ಲೂ) ಪ್ರೈಮರ್‌ಗೇ ಹತ್ತು ಸೆಂಟ್. "ರೀಲೋಡ್ ಮಾಡಿದರೆ ದುಡ್ಡು ಉಳಿಯುತ್ತೆ" ಅನ್ನುವ ಲೆಕ್ಕ 9 ಎಂಎಂನಲ್ಲಿ ಅಲ್ಲಿಗೇ ಮುಗಿಯಿತು. ಉಳಿಯುವುದು ದುಡ್ಡಲ್ಲ, ರೇಂಜಿಗೆ ಹೋಗುವ ಅವಕಾಶ.

ಪೌಡರ್ ಲೆಕ್ಕ ಬೇರೆ. ಒಂದು ಪೌಂಡ್ ಅಂದರೆ 7000 ಗ್ರೇನ್. ಸುತ್ತೊಂದಕ್ಕೆ 5 ಗ್ರೇನ್ ಅಂದುಕೊಂಡರೆ 1400 ಸುತ್ತು ಆಗುತ್ತದೆ. ಅದೇ ರೈಫಲ್‌ಗೆ 25 ಗ್ರೇನ್ ಆದರೆ ಪೌಂಡಿಗೆ 280 ಮಾತ್ರ. (ಇದು ಬರೀ ಭಾಗಾಕಾರ, ನಿಮ್ಮ ಲೋಡ್ ಅಲ್ಲ; ಲೋಡ್ ಅಂದರೆ ಸುತ್ತೊಂದಕ್ಕೆ ಹಾಕುವ ಪೌಡರ್ ತೂಕ. ಅದು ಏನಿದ್ದರೂ ಮ್ಯಾನುಯಲ್ (ಲೋಡ್‌ಗಳ ಪುಸ್ತಕ) ನೋಡಿಯೇ.) ಪಿಸ್ತೂಲಿಗೆ ಮೊದಲು ಮುಗಿಯುವುದು ಪ್ರೈಮರ್, ರೈಫಲ್‌ಗೆ ಪೌಡರ್. ಆನ್‌ಲೈನ್ ತರಿಸಿದರೆ ಪ್ರೈಮರ್, ಪೌಡರ್ ಎರಡಕ್ಕೂ ಅಪಾಯಕಾರಿ ಸರಕಿನ ಶುಲ್ಕ ಬೀಳುತ್ತದೆ. ಅದು ಸಾಗಣೆಗೆ ಒಂದು ಸಲದ ಲೆಕ್ಕ, ಆದ್ದರಿಂದ ರೇಂಜಿನ ಗೆಳೆಯರು ಸೇರಿ ಒಟ್ಟಿಗೆ ತರಿಸುವುದು ಲೇಸು.

ಪ್ರೆಸ್ ವಿಷಯ: ಸಿಂಗಲ್ ಸ್ಟೇಜ್ (ಒಂದು ಎಳೆತಕ್ಕೆ ಒಂದೇ ಕೆಲಸ) ತಗೊಳ್ಳಿ. ಪ್ರೋಗ್ರೆಸಿವ್ ಪ್ರೆಸ್‌ನಲ್ಲಿ ಒಂದು ಸಲ ಹಿಡಿ ಎಳೆದರೆ ನಾಲ್ಕು ಕೆಲಸ ಒಟ್ಟಿಗೆ ನಡೆಯುತ್ತವೆ, ನಾಲ್ಕನ್ನೂ ಒಟ್ಟಿಗೆ ಗಮನಿಸಲು ಹೊಸಬರಿಗೆ ಆಗುವುದಿಲ್ಲ. ಅದಲ್ಲದೆ ಪ್ರೈಮರೇ ಇಲ್ಲದಿರುವಾಗ ವೇಗದ ಯಂತ್ರ ಯಾಕೆ?

ಶಾರ್ಲೆಟ್‌ನಿಂದ:

9 ಎಂಎಂ ಕ್ರಮ ಹೇಳುತ್ತೇನೆ. ಪ್ರೆಸ್ ಬಿಟ್ಟು ಬೇಕಾದವು: ಕಾರ್ಬೈಡ್ ಡೈ ಸೆಟ್ (ಕೇಸ್ ತೂರಿಸುವ ಅಚ್ಚುಗಳು), ಶೆಲ್ ಹೋಲ್ಡರ್ (ಕೇಸನ್ನು ಪ್ರೆಸ್‌ನಲ್ಲಿ ಹಿಡಿಯುವ ಬಿಲ್ಲೆ), ತಕ್ಕಡಿ ಮತ್ತು ಅದನ್ನು ಪರೀಕ್ಷಿಸುವ ತೂಕದ ಬಟ್ಟು, ಉದ್ದ ಅಳೆಯುವ ಕ್ಯಾಲಿಪರ್, ಕೇಸ್ ನಿಲ್ಲಿಸುವ 50 ತೂತಿನ ಲೋಡಿಂಗ್ ಬ್ಲಾಕ್, ತಪ್ಪಿ ಕಟ್ಟಿದ ಸುತ್ತಿನಿಂದ ಗುಂಡು ಹೊರತೆಗೆಯುವ ಸುತ್ತಿಗೆ, ಈ ವರ್ಷದ ಒಂದು ಮ್ಯಾನುಯಲ್. ಸುತ್ತಿಗೆ ಬೇಡ ಅನ್ನಿಸಬಹುದು, ಖಂಡಿತ ಬೇಕಾಗುತ್ತೆ.

ಮೊದಲು ಕೇಸ್ ಆರಿಸಿ. ಉಕ್ಕಿನದು, ಅಲ್ಯೂಮಿನಿಯಂನದು ಪಕ್ಕಕ್ಕೆ. ಒಳಗೆ ಬಗ್ಗಿ ನೋಡಿ ತಳದಲ್ಲಿ ಎರಡು ತೂತಿದ್ದರೆ ಅದು ಬರ್ಡನ್ ಎಂಬ ಬಗೆಯ ಕೇಸ್, ಹಳೆ ಪ್ರೈಮರ್ ನೂಕುವ ಡೀಕ್ಯಾಪಿಂಗ್ ಪಿನ್ ಮುರಿಯುತ್ತದೆ. ಒಳಗೋಡೆಯಲ್ಲಿ ಮೆಟ್ಟಿಲಿನಂತೆ ಅಂಚಿರುವ ಕೇಸ್ ಕೂಡ ಬೇಡ, ಒಳಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ. ರೇಂಜಿನ ಬಕೆಟ್‌ನಲ್ಲಿ .380 ಕೇಸ್ ಸೇರಿಕೊಂಡೇ ಇರುತ್ತದೆ, ಕಣ್ಣಿಗೆ ಬೇಗ ಬೀಳುವುದಿಲ್ಲ, ಅಡಿಯ ಮುದ್ರೆ ಓದಿ.

ಸೈಜಿಂಗ್ ಡೈ ಕೇಸನ್ನು ಹಿಂದಿನ ಅಳತೆಗೆ ತಂದು ಹಳೆ ಪ್ರೈಮರ್ ನೂಕುತ್ತದೆ. ಎರಡನೇ ಡೈ ಬಾಯಿ ಅಗಲಿಸುತ್ತದೆ, ಗುಂಡು ಮೇಲೆ ಕೂರುವಷ್ಟು ಸಾಕು. ಹೆಚ್ಚು ಅಗಲಿಸಿದರೆ ಹಿತ್ತಾಳೆ ದಣಿದು ಬಾಯಿ ಸೀಳುತ್ತದೆ. ಹೊಸ ಪ್ರೈಮರ್ ಕೇಸಿನ ತಳಕ್ಕಿಂತ ಒಂದು ಕೂದಲೆಳೆ, ಅಂದರೆ 0.003ರಿಂದ 0.005 ಇಂಚು ಒಳಗೆ ಕೂರಬೇಕು. ಬೆರಳು ಸವರಿದರೇ ಗೊತ್ತಾಗುತ್ತದೆ. ಉಬ್ಬಿದ್ದರೆ ಸಿಡಿಯದಿರಬಹುದು, ಸ್ಲೈಡ್ ಮುಚ್ಚುವಾಗಲೇ ಸಿಡಿಯಲೂಬಹುದು.

ಪೌಡರ್ ಹಾಕುವಾಗ ಮೇಜಿನ ಮೇಲೆ ಒಂದೇ ಡಬ್ಬಿ, ಮಿಕ್ಕಿದ್ದೆಲ್ಲ ಬೀರುವಿನಲ್ಲಿ. ಎಲೆಕ್ಟ್ರಾನಿಕ್ ತಕ್ಕಡಿಯ ಹತ್ತಿರ ಮೊಬೈಲ್, ಫ್ಯಾನ್, ಎಸಿ ಗಾಳಿ ಇದ್ದರೆ ಓದು ಅಲೆಯುತ್ತದೆ. ಹತ್ತು ಸಲಕ್ಕೊಮ್ಮೆ ಬಟ್ಟು ಇಟ್ಟು ನೋಡಿ. ಮ್ಯಾನುಯಲ್‌ನ ಆರಂಭದ ಲೋಡ್‌ನಿಂದ ಹೊರಟು ಸ್ವಲ್ಪ ಸ್ವಲ್ಪವೇ ಏರಿಸಬೇಕು, ಗರಿಷ್ಠದಿಂದ ಶುರುಮಾಡುವುದಿಲ್ಲ. ಐವತ್ತಕ್ಕೂ ಪೌಡರ್ ಬಿದ್ದ ಮೇಲೆ ಬ್ಲಾಕ್ ಮೇಲೆ ಟಾರ್ಚ್ ಹಿಡಿದು ಒಂದೊಂದು ಕೇಸಿನೊಳಗೂ ನೋಡಿ. ಎಲ್ಲದರ ಮಟ್ಟ ಒಂದೇ ಇರಬೇಕು. ಇದನ್ನು ಬಿಟ್ಟವರೇ ಪಿಸ್ತೂಲು ಒಡೆದುಕೊಳ್ಳುವುದು. ಬೇಗ ಉರಿಯುವ ಪೌಡರ್ ಕೇಸಿನ ಅರ್ಧಕ್ಕಿಂತ ಕಡಿಮೆ ಜಾಗ ತೆಗೆದುಕೊಳ್ಳುವುದರಿಂದ ಎರಡು ಸಲ ಬಿದ್ದರೂ ಚೆಲ್ಲುವುದಿಲ್ಲ. ಹೊಸಬರು ಕೇಸಿನಲ್ಲಿ ಹೆಚ್ಚು ಜಾಗ ತುಂಬುವ ಪೌಡರ್ ಆರಿಸಿದರೆ ಎರಡನೇ ಸಲ ಬಿದ್ದದ್ದು ಉಕ್ಕಿ ತಾನೇ ಹೇಳುತ್ತದೆ.

ಕೊನೆಗೆ ಗುಂಡು ಕೂರಿಸಿ ಟೇಪರ್ ಕ್ರಿಂಪ್ (ಕೇಸಿನ ಬಾಯಿಯನ್ನು ಮೆಲ್ಲಗೆ ಒತ್ತುವುದು). 9 ಎಂಎಂ ಸುತ್ತು ಚೇಂಬರಿನಲ್ಲಿ (ಬ್ಯಾರೆಲ್‌ನ ಹಿಂಬದಿಯ ಗೂಡಿನಲ್ಲಿ) ನಿಲ್ಲುವುದು ಕೇಸಿನ ಬಾಯಿಯ ಮೇಲೆ, ಆದ್ದರಿಂದ ಬಾಯಿಯನ್ನು ಒಳಕ್ಕೆ ಸುರುಳಿಸಬಾರದು, ಅಗಲಿಸಿದ್ದನ್ನು ನೇರ ಮಾಡಿದರೆ ಸಾಕು. ಒಟ್ಟು ಉದ್ದದ ಗರಿಷ್ಠ ಮಿತಿ 1.169 ಇಂಚು, ಆದರೆ ನಿಮ್ಮ ಗುಂಡಿಗೆ ಮ್ಯಾನುಯಲ್ ಹೇಳಿದ ಉದ್ದವೇ ಸರಿ. ಬ್ಯಾರೆಲ್ ಬಿಚ್ಚಿ ಸುತ್ತನ್ನು ಒಳಗೆ ಬಿಡಿ. ಟಣ್ ಅಂತ ಕೂತು, ತಿರುಗಿ, ತಲೆಕೆಳಗಾಗಿಸಿದರೆ ತಾನೇ ಬೀಳಬೇಕು. ಆಮೇಲೆ ಗುಂಡಿನ ತುದಿಯನ್ನು ಮೇಜಿಗೆ ಹೆಬ್ಬೆರಳ ಬಲದಲ್ಲಿ ಒತ್ತಿ ಮತ್ತೆ ಅಳೆಯಿರಿ. ಉದ್ದ ಕಮ್ಮಿಯಾಗಿದ್ದರೆ ಕೇಸಿನ ಹಿಡಿತ ಸಾಲದು. ಫೀಡ್ ಆಗುವಾಗ ಗುಂಡು ಒಳಗೆ ಸರಿದರೆ 9 ಎಂಎಂನಂಥ ಚಿಕ್ಕ ಕೇಸಿನಲ್ಲಿ ಒತ್ತಡ ತಟ್ಟನೆ ಏರುತ್ತದೆ.

ಸಿಯಾಟಲ್‌ನಿಂದ:

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ ಅಭಾವದ ಕಾಲಕ್ಕೆ ನಿಜವಾದ ಅಪಾಯ "ಅದಿಲ್ಲ, ಇದನ್ನು ಹಾಕಿದರೆ ಆಗುತ್ತಾ" ಅನ್ನುವ ಪ್ರಶ್ನೆಯಲ್ಲಿದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಪೌಡರ್: ಉರಿಯುವ ವೇಗದ ಪಟ್ಟಿಯಲ್ಲಿ ಎರಡು ಅಕ್ಕಪಕ್ಕ ಇದ್ದ ಮಾತ್ರಕ್ಕೆ ಒಂದರ ಲೋಡ್ ಇನ್ನೊಂದಕ್ಕೆ ಹೊಂದುವುದಿಲ್ಲ. ಆ ಪಟ್ಟಿ ಕ್ರಮ ಹೇಳುತ್ತದೆ, ಅಂತರ ಹೇಳುವುದಿಲ್ಲ. ಹೆಸರನ್ನೂ ನಂಬಬೇಡಿ: ಎಚ್ 4895, ಐಎಂಆರ್ 4895 ಎರಡೂ ಬೇರೆ ಪೌಡರ್. ಎಚ್ 4350, ಐಎಂಆರ್ 4350 ಕೂಡ ಹಾಗೇ. ಇದಕ್ಕೆ ತದ್ವಿರುದ್ಧವಾಗಿ ಎಚ್‌ಪಿ-38 ಮತ್ತು ವಿಂಚೆಸ್ಟರ್ 231 ಒಂದೇ ಪೌಡರ್, ಎರಡು ಲೇಬಲ್. ಎಚ್ 110, ವಿಂಚೆಸ್ಟರ್ 296 ಕೂಡ ಒಂದೇ. ಅಂಗಡಿಯಲ್ಲಿ ಒಂದು ಖಾಲಿಯಾದಾಗ ಇನ್ನೊಂದು ಶೆಲ್ಫಿನಲ್ಲಿ ಕೂತಿರುವುದು ಎಷ್ಟೋ ಸಲ ಕಾಣುತ್ತದೆ. ಆದರೂ ಲೋಡ್ ನೋಡುವಾಗ ಡಬ್ಬಿಯ ಮೇಲಿನ ಹೆಸರಿಗೇ ನೋಡಿ. ಇನ್ನೊಂದು ಮಾತು, ಎಚ್ 110ನ್ನು ಉಳಿಸಲೆಂದು ಲೋಡ್ ತಗ್ಗಿಸಬಾರದು, ಅದು ತಗ್ಗಿದರೆ ಸರಿಯಾಗಿ ಹೊತ್ತಿಕೊಳ್ಳುವುದಿಲ್ಲ.

ಪ್ರೈಮರ್: ಸ್ಮಾಲ್ ಪಿಸ್ಟಲ್, ಸ್ಮಾಲ್ ರೈಫಲ್ ಎರಡೂ ಒಂದೇ ಅಗಲ, ಆದ್ದರಿಂದ ಕೂರುತ್ತವೆ. ಆದರೆ ರೈಫಲ್‌ನದ್ದರ ಬಟ್ಟಲು ದಪ್ಪ, ಸ್ಟ್ರೈಕರ್ ಪಿಸ್ತೂಲಿನ ಹೊಡೆತಕ್ಕೆ ಒಮ್ಮೊಮ್ಮೆ ಹೊತ್ತುವುದಿಲ್ಲ. ಇದರ ಉಲ್ಟಾ ಮಾಡಲೇಬಾರದು. ತೆಳು ಬಟ್ಟಲಿನ ಪಿಸ್ಟಲ್ ಪ್ರೈಮರ್ ರೈಫಲ್‌ನ ಒತ್ತಡಕ್ಕೆ ತೂತು ಬಿದ್ದು ಅನಿಲ ಹಿಂದಕ್ಕೆ ಬರುತ್ತದೆ. ಲಾರ್ಜ್‌ನಲ್ಲಿ ರೈಫಲ್‌ನದು ಎತ್ತರವೇ ಹೆಚ್ಚು, ಪಿಸ್ಟಲ್ ಕೇಸಿನಲ್ಲಿ ಉಬ್ಬಿ ನಿಲ್ಲುತ್ತದೆ. ಬ್ರ್ಯಾಂಡ್ ಬದಲಾದರೂ, ಮ್ಯಾಗ್ನಮ್ (ಕಿಡಿ ಜೋರಾಗಿರುವ ಪ್ರೈಮರ್) ಸಿಕ್ಕಿತೆಂದು ಹಾಕಿದರೂ ಆರಂಭದ ಲೋಡ್‌ಗೆ ಇಳಿದು ಮತ್ತೆ ಏರಿ.

ಹಳೆ ಸಾಮಾನಿನ ಮಾರಾಟದಲ್ಲಿ ಸಿಗುವ ತೆರೆದ ಪೌಡರ್ ಡಬ್ಬಿ ಎಷ್ಟೇ ಅಗ್ಗವಾಗಿದ್ದರೂ ಬೇಡ. ಒಳಗಿರುವುದು ಲೇಬಲ್ ಹೇಳಿದ್ದೇ ಅನ್ನುವುದಕ್ಕೆ ಯಾರು ಹೊಣೆ? ಬೇರೆಯವರು ರೀಲೋಡ್ ಮಾಡಿದ ಸುತ್ತಿಗೂ ಇದೇ ಮಾತು.

ಫೀನಿಕ್ಸ್‌ನಿಂದ:

.223ಗೆ ಕೆಲಸ ದುಪ್ಪಟ್ಟು ಮಾರಾಯ್ರೆ. ಬಾಟಲಿ ಕುತ್ತಿಗೆಯ ಕೇಸ್‌ಗೆ ಲ್ಯೂಬ್ (ಜಾರಲು ಹಚ್ಚುವ ಜಿಡ್ಡು) ಕಡ್ಡಾಯ. ಕಡಿಮೆಯಾದರೆ ಕೇಸ್ ಡೈಯೊಳಗೆ ಕಚ್ಚಿಕೊಂಡು ಅಂಚು ಕಿತ್ತು ಬರುತ್ತದೆ, ಹೆಚ್ಚಾದರೆ ಹೆಗಲಿನಲ್ಲಿ (ಕೇಸ್ ಕುತ್ತಿಗೆಗೆ ಕಿರಿದಾಗುವ ಕಡೆ) ಗುಳಿ ಬೀಳುತ್ತದೆ. ಕುತ್ತಿಗೆಯ ಒಳಗೂ ಸ್ವಲ್ಪ ಸವರಿ. ಸೈಜ್ ಆದಮೇಲೆ ಉದ್ದ ಅಳೆಯಿರಿ: ಗರಿಷ್ಠ 1.760 ಇಂಚು, ಕತ್ತರಿಸುವುದು 1.750ಕ್ಕೆ. ಆಮೇಲೆ ಬಾಯಿಯ ಒಳಗೆ ಹೊರಗೆ ಚೂಪು ತೆಗೆಯಿರಿ, ಲ್ಯೂಬ್ ಒರೆಸಿ. ಡೈಯನ್ನು ಕುರುಡಾಗಿ ಪೂರ್ತಿ ಕೆಳಗೆ ತಿರುಗಿಸಬೇಡಿ. ನಿಮ್ಮ ರೈಫಲ್‌ನಲ್ಲೇ ಹಾರಿದ ಕೇಸ್‌ಗಿಂತ ಹೆಗಲು 0.002 ಇಂಚಿನಷ್ಟು ಹಿಂದೆ ಸರಿದರೆ ಸಾಕು. ಪ್ರತಿಸಲ ಹೆಚ್ಚು ಹಿಂದೆ ತಳ್ಳಿದರೆ ತಳದ ಹತ್ತಿರ ಹಿತ್ತಾಳೆ ತೆಳುವಾಗಿ ಹೊಳೆಯುವ ಉಂಗುರ ಕಾಣಿಸುತ್ತದೆ. ಪೇಪರ್ ಕ್ಲಿಪ್‌ನ ತುದಿ ಬಗ್ಗಿಸಿ ಒಳಗೋಡೆಯ ಮೇಲೆ ಎಳೆಯಿರಿ, ಹಳ್ಳ ತಗುಲಿದರೆ ಆ ಕೇಸ್ ಕಸಕ್ಕೆ.

ತಳದಲ್ಲಿ ವೃತ್ತದೊಳಗೆ ಕೂಡುವ ಗುರುತು (+) ಇದ್ದರೆ ಮಿಲಿಟರಿ ಕೇಸ್. ಪ್ರೈಮರ್ ಸುತ್ತ ಕ್ರಿಂಪ್ (ಅದು ಅಲುಗದಂತೆ ಒತ್ತಿದ ಅಂಚು) ಇರುತ್ತದೆ, ಅದನ್ನು ಸ್ವೇಜ್ ಮಾಡದೆ (ಒತ್ತಿ ಸರಿಸದೆ) ಹೊಸ ಪ್ರೈಮರ್ ನೂಕಿದರೆ ಜಜ್ಜಿಹೋಗುತ್ತದೆ. ಸಿಗದ ಪ್ರೈಮರ್ ಹೀಗೆ ಹಾಳಾದರೆ ಹೊಟ್ಟೆ ಉರಿಯುತ್ತೆ.

ರೇಂಜಿನಲ್ಲಿ ಯಾವ ಸುತ್ತಾದರೂ "ಪುಸ್" ಅಂದರೆ ಅಲ್ಲೇ ನಿಲ್ಲಿಸಿ. ಗುಂಡು ಬ್ಯಾರೆಲ್‌ನಲ್ಲಿ ಸಿಕ್ಕಿರಬಹುದು, ಹಿಂದೆಯೇ ಇನ್ನೊಂದು ಹಾರಿಸಿದರೆ ಬ್ಯಾರೆಲ್ ಸೀಳುತ್ತದೆ. ಗನ್ ಖಾಲಿ ಮಾಡಿ, ಬಿಚ್ಚಿ, ಬ್ಯಾರೆಲ್‌ನಲ್ಲಿ ಬೆಳಕು ಕಂಡ ಮೇಲೆ ಮುಂದಿನದು.

ನ್ಯೂಜೆರ್ಸಿಯಿಂದ:

ಇಡುವ ಕ್ರಮ ಯಾರೂ ಹೇಳಲಿಲ್ಲ. ಅಮೆರಿಕದ ಎನ್‌ಎಫ್‌ಪಿಎ ಅಗ್ನಿಸುರಕ್ಷಾ ಮಾನದಂಡದಲ್ಲಿ ಮನೆಯಲ್ಲಿ ಮೂಲ ಡಬ್ಬಿಯಲ್ಲೇ 20 ಪೌಂಡ್ ತನಕ ಸ್ಮೋಕ್‌ಲೆಸ್ ಪೌಡರ್ (ನಾವು ಹೇಳುತ್ತಿರುವ ಪೌಡರ್ ಇದೇ), ಪ್ರೈಮರ್ 10,000 ಅಂತಿದೆ. ನಿಮ್ಮ ಊರಿನ ನಿಯಮ, ಬಾಡಿಗೆ ಕರಾರು ಇದಕ್ಕಿಂತ ಬಿಗಿ ಇರಬಹುದು, ಕೇಳಿ. ಸ್ವಂತ ಬಳಕೆಗೆ ರೀಲೋಡ್ ಮಾಡಲು ಫೆಡರಲ್ ಲೈಸೆನ್ಸ್ ಬೇಡ, ಮಾರಲು ಬೇಕು. ಪ್ರೈಮರ್ ಅದರ ತಟ್ಟೆಯಲ್ಲೇ ಇರಲಿ. ಗಾಜಿನ ಸೀಸೆಗೆ ಸುರಿದಿಟ್ಟರೆ ಒಂದು ಸಿಡಿದು ಎಲ್ಲವೂ ಸಿಡಿಯುತ್ತವೆ. ಪೌಡರ್‌ನಿಂದ ಹುಳಿ ಘಾಟು, ಕೆಂಪು ಕಂದು ಧೂಳು ಬಂದರೆ ಅದು ಕೆಟ್ಟಿದೆ.

ಸೀಸ: ಸುಟ್ಟ ಪ್ರೈಮರ್‌ನ ಮಸಿಯಲ್ಲಿರುತ್ತದೆ. ಅಡುಗೆಮನೆ ಮೇಜು, ಅಲ್ಲಿನ ಪಾತ್ರೆ, ಓವನ್ ಯಾವುದೂ ಈ ಕೆಲಸಕ್ಕೆ ಬೇಡ. ತಿನ್ನುವ ಮೊದಲು ಸೋಪು ಹಾಕಿ ತಣ್ಣೀರಿನಲ್ಲಿ ಕೈ ತೊಳೆಯಿರಿ, ಚಿಕ್ಕ ಮಕ್ಕಳು ಆ ಕೋಣೆಗೆ ಬರಬಾರದು.

ಊರಿಗೆ ಹೋಗುವವರಿಗೆ: ರೇಂಜಿಗೆ ಒಯ್ಯುವ ಬ್ಯಾಗ್ ಬೇರೆ, ವಿಮಾನದ ಬ್ಯಾಗ್ ಬೇರೆ ಇರಲಿ. ಒಂದು ಖಾಲಿ ಕೇಸ್ ಮೂಲೆಯಲ್ಲಿ ಉಳಿದಿದ್ದರೂ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ವಿವರಣೆ ಕೊಡುತ್ತಾ ಕೂರಬೇಕಾದೀತು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಮದ್ದುಗುಂಡು ತಯಾರಿಕೆಗೇ ಬೇರೆ ಲೈಸೆನ್ಸ್ ಬೇಕು. ಕೋವಿ ಲೈಸೆನ್ಸ್ ಇದ್ದರೂ ಸಾಲದು. ಕೊಡಗಿನವರಿಗಿರುವ ವಿನಾಯ್ತಿ ಕೋವಿ ಇಟ್ಟುಕೊಳ್ಳುವುದಕ್ಕೆ, ತೋಟೆ ಕಟ್ಟುವುದಕ್ಕಲ್ಲ. ಇಲ್ಲಿ ಓದಿದ್ದನ್ನು ಅಲ್ಲಿ ಮಾಡಲು ಹೋಗಬೇಡಿ.

ಕೇಳಿದವರು: ತುಂಬಾ ಉಪಕಾರವಾಯಿತು. ಒಂದು ಉಳಿಯಿತು. ಬಕೆಟ್‌ನ ಕೇಸ್ ಅರ್ಧಕ್ಕರ್ಧ ಕಪ್ಪಾಗಿದೆ, ತೊಳೆಯುವುದು ಹೇಗೆ?

ಶಾರ್ಲೆಟ್‌ನಿಂದ:

ಅಜ್ಜಿ ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ತಿಕ್ಕಿದ ಹಾಗೇ ಇದು, ಆಮ್ಲದ ಕೆಲಸ. ಮೊದಲು ಹಳೆ ಪ್ರೈಮರ್ ತೆಗೆಯಿರಿ, ಇಲ್ಲದಿದ್ದರೆ ಅದು ಕೂರುವ ಗುಳಿಯಲ್ಲಿ ನೀರು ನಿಲ್ಲುತ್ತದೆ. ಸುಮಾರು 15 ಪೌಂಡ್ ತಾಳುವ, ತಿರುಗಿಸಿ ತೊಳೆಯುವ ಡ್ರಮ್ ಆದರೆ 2 ಪೌಂಡ್ ಕೇಸ್, 5 ಪೌಂಡ್ ಸ್ಟೇನ್‌ಲೆಸ್ ಪಿನ್, ಒಂದು ಗ್ಯಾಲನ್ ನೀರು, ಒಂದು ದೊಡ್ಡ ಚಮಚ ಪಾತ್ರೆ ತೊಳೆಯುವ ದ್ರವ, ಕಾಲು ಚಹಾ ಚಮಚ ಸಿಟ್ರಿಕ್ ಆಮ್ಲ. ಎರಡು ಮೂರು ಗಂಟೆ ತಿರುಗಿಸಿ. ಕೇಸ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಆಮ್ಲ ಹೆಚ್ಚಾಗಿ ಸತು ಕರಗಿದೆ ಅಂತ ಅರ್ಥ, ಮುಂದಿನ ಸಲ ಕಮ್ಮಿ ಮಾಡಿ. ಅಮೋನಿಯಾ ಇರುವ ಹಿತ್ತಾಳೆ ಪಾಲಿಶ್ ಮಾತ್ರ ಬೇಡ, ಕೇಸಿನಲ್ಲಿ ಬಿರುಕು ಬಿಡಿಸುತ್ತದೆ. ಆ ನೀರಿನಲ್ಲಿ ಸೀಸ ಇರುತ್ತದೆ, ಕೈಗವಸು ಹಾಕಿಕೊಳ್ಳಿ. ಪ್ರತಿ ಕೇಸನ್ನೂ ತಲೆಕೆಳಗೆ ತಟ್ಟಿ, ಒಂದು ಪಿನ್ ಒಳಗೆ ಉಳಿದರೂ ಗುಂಡಿನ ಜೊತೆ ಬ್ಯಾರೆಲ್‌ಗೆ ಹೋಗುತ್ತದೆ. ಆಮೇಲೆ ಟವೆಲ್ ಮೇಲೆ ಹರಡಿ ಎರಡು ದಿನ ಬಿಡಿ, ಅವಸರವಿದ್ದರೆ ಇದಕ್ಕೇ ಅಂತ ಮೀಸಲಿಟ್ಟ ಡೀಹೈಡ್ರೇಟರ್ ಸಾಕು.