ಕೇಳಿದ್ದನ್ನೆಲ್ಲ ಹೇಳುತ್ತಾನೆ, ಓದಲು ಮಾತ್ರ ಬರುತ್ತಿಲ್ಲ: ಏನು ಮಾಡಲಿ?

ಪ್ರಶ್ನೆ: ಶಿಕ್ಷಕಿ, ಶಹಾಪುರ ತಾಲ್ಲೂಕು, ಯಾದಗಿರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನನ್ನ ನಾಲ್ಕನೇ ತರಗತಿಯ ಹುಡುಗನೊಬ್ಬ ಇಂದು ಕೇಳಿದ ಕಥೆಯನ್ನು ನಾಳೆ ಒಂದು ಘಟನೆಯನ್ನೂ ಬಿಡದೆ ಹೇಳುತ್ತಾನೆ, ಸಂತೆಯ ಲೆಕ್ಕವನ್ನು ಬಾಯಲ್ಲೇ ಮಾಡುತ್ತಾನೆ; ಪುಸ್ತಕ ತೆರೆದರೆ ‘ಸೂರ್ಯ’ವನ್ನು ‘ಸೂಯ್ರ’ ಎಂದು ಓದಿ ನಿಂತುಬಿಡುತ್ತಾನೆ. ಪ, ಷ ಅಕ್ಷರಗಳು ಅವನಿಗೆ ಇಂದಿಗೂ ಒಂದೇ. ಮನೆಮಾತು ಲಂಬಾಣಿ. ತಂದೆತಾಯಿ ದುಡಿಯಲು ಬೆಂಗಳೂರಿಗೆ ಹೋಗಿದ್ದಾರೆ. ‘ಇವನ ತಲಿಗಿ ಸಾಲಿ ಹತ್ತಂಗಿಲ್ಲ ಅಕ್ಕಾವ್ರೆ’ ಎಂದು ಅಜ್ಜಿ ಶಾಲೆ ಬಿಡಿಸುವ ಮಾತಾಡುತ್ತಿದ್ದಾರೆ. 38 ಮಕ್ಕಳ ನಡುವೆ, ಅವನನ್ನು ಬೇರೆ ಕೂರಿಸದೆ, ನಾನೇನು ಮಾಡಬಹುದು?

ಉತ್ತರ: ಸಂಪನ್ಮೂಲ ಶಿಕ್ಷಕ, ಕಲಬುರಗಿ

ಮೇಡಂ, ಮೊದಲು ಅವನ ಕಣ್ಣು, ಕಿವಿ ಪರೀಕ್ಷೆಯಾಗಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಅವನನ್ನು ತಪ್ಪದೆ ತೋರಿಸಿ. ಮನೆಮಾತು ಬೇರೆಯಾದ ಮಗು ಪದದ ಅರ್ಥ ತಿಳಿಯದೆ ತಡವರಿಸುವುದು ಒಂದು, ಅರ್ಥ ಗೊತ್ತಿದ್ದೂ ಅಕ್ಷರ ಬಿಡಿಸಲಾಗದಿರುವುದು ಇನ್ನೊಂದು. ನಿಮ್ಮ ಹುಡುಗ ಕೇಳಿದ ಕಥೆಯನ್ನು ಕನ್ನಡದಲ್ಲೇ ತಿರುಗಿ ಹೇಳುತ್ತಾನೆಂದರೆ ನನ್ನ ಸಂಶಯ ಎರಡನೆಯದರ ಮೇಲೆ. ಅರ್ಕಾವತ್ತಿನ ವಿಷಯದಲ್ಲಿ ಅವನ ತಪ್ಪಿಗೆ ಕಾರಣವೂ ಇದೆ: ರಕಾರವನ್ನು ನಾವು ಮೊದಲು ಉಚ್ಚರಿಸುತ್ತೇವೆ, ಬರೆಯುವಾಗ ಕೊನೆಗೆ ಬರೆಯುತ್ತೇವೆ, ಅವನು ಕಣ್ಣಿಗೆ ಕಂಡ ಕ್ರಮದಲ್ಲೇ ಓದಿದ್ದಾನೆ.

‘ಹೊಟ್ಟೆ ಸೀಳಿದ ಷ’ ಎಂದು ನಾವೆಲ್ಲ ಕಲಿತದ್ದನ್ನು ಅವನ ಕೈಗೆ ಕೊಡಿ. ರಟ್ಟಿನ ಮೇಲೆ ತೊಗರಿ ಕಾಳು ಅಂಟಿಸಿ ಅಕ್ಷರ ಮಾಡಿಸಿ, ಆ ಸೀಳುಗೆರೆಗೆ ಮಾತ್ರ ಹೆಸರು ಕಾಳು ಇಡಿಸಿ, ಕಣ್ಣು ಮುಚ್ಚಿ ಬೆರಳಾಡಿಸುತ್ತ ಅಕ್ಷರದ ಹೆಸರು ಹೇಳಲಿ. ಇದನ್ನು ಇಡೀ ತರಗತಿಗೆ ಮಾಡಿಸಿದರೆ ಅವನೊಬ್ಬನೇ ಎದ್ದು ಕಾಣುವುದಿಲ್ಲ.

2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ (ಬುದ್ಧಿ ಚುರುಕಿದ್ದೂ ಓದು, ಬರಹ ಅಥವಾ ಲೆಕ್ಕ ಕೈಹತ್ತದ ಸ್ಥಿತಿ) ಸೇರಿದ್ದು, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ದ್ವಿತೀಯ ಮತ್ತು ತೃತೀಯ ಭಾಷೆಗಳಿಂದ ವಿನಾಯಿತಿಯ ಮಾತು ಅದೇ ಕಾಯ್ದೆಯಲ್ಲಿದೆ. ಈ ನ್ಯೂನತೆಯ ಪ್ರಮಾಣಪತ್ರವನ್ನು 8 ವರ್ಷ ತುಂಬಿದವರಿಗೆ ಕೊಡುತ್ತಾರೆ. 14 ಮತ್ತು 18ನೇ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಬೇಕು. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಚಾರಿಸಿ. ಆದರೆ ಆ ಕಾಗದಕ್ಕಾಗಿ ಕಾಯುತ್ತ ತರಗತಿಯ ಕೆಲಸ ನಿಲ್ಲಿಸಬೇಡಿ.

ಉತ್ತರ: ಪೋಷಕಿ, ಭಾಲ್ಕಿ, ಬೀದರ್ ಜಿಲ್ಲೆ

ಮೇಡಂ, ನನ್ನ ಮಗಳದೂ ಇದೇ ಕಥೆ. ಸರದಿಯಂತೆ ಎದ್ದು ನಿಂತು ಓದಬೇಕಾದ ದಿನ ಅವಳಿಗೆ ಬೆಳಿಗ್ಗೆಯೇ ಹೊಟ್ಟೆನೋವು ಬರುತ್ತಿತ್ತು, ಮತ್ತು ಅದು ನೆವವೆಂದು ನಾನು ಎಷ್ಟೋ ಸಲ ಗದರಿದ್ದೇನೆ. ಮುಂದಿನ ವರ್ಷ ಬಂದ ಗುರುಗಳು ಓದಬೇಕಾದ ನಾಲ್ಕು ಸಾಲನ್ನು ಹಿಂದಿನ ಸಂಜೆಯೇ ಅವಳಿಗೆ ತಿಳಿಸುತ್ತಿದ್ದರು. ವಿಜ್ಞಾನದ ಪ್ರಶ್ನೆಗಳನ್ನು ಬಾಯಲ್ಲೇ ಕೇಳಿ ಅಂಕ ಕೊಟ್ಟರು. ಹೊಟ್ಟೆನೋವು ತಾನಾಗಿ ನಿಂತಿತು. ಓದು ಈಗಲೂ ನಿಧಾನವೇ, ಆದರೆ ಶಾಲೆ ತಪ್ಪಿಸುವುದಿಲ್ಲ.

ಪ್ರಶ್ನೆ ಕೇಳಿದ ಶಿಕ್ಷಕಿ

ಇಬ್ಬರಿಗೂ ವಂದನೆಗಳು. ಸರದಿ ಓದನ್ನು ನಾಳೆಯಿಂದಲೇ ನಿಲ್ಲಿಸುತ್ತೇನೆ. ಶನಿವಾರ ಅಜ್ಜಿಯನ್ನು ಶಾಲೆಗೆ ಕರೆದಿದ್ದೇನೆ. ಮೊಮ್ಮಗ ತರಗತಿಗೆ ಕಥೆ ಹೇಳುವಾಗ ಅವರು ಮುಂದಿನ ಸಾಲಿನಲ್ಲಿ ಕುಳಿತು ಕೇಳಲಿ.