ಪದ ಬೇಕಿದೆ: ಎ.ಸಿ. ಗ್ಯಾಸ್ ಲೀಕ್ ಹಿಡಿಯುವ ಉಪಕರಣಕ್ಕೆ

ತುಮಕೂರಿನಿಂದ:
ಎಲ್ಲರಿಗೂ ನಮಸ್ಕಾರ. ಫ್ರಿಜ್, ಎ.ಸಿ. ರಿಪೇರಿ ಕಲಿಸುವ ನಮ್ಮ ವರ್ಕ್‌ಶಾಪಿಗೆ ಎರಡು ಬೋರ್ಡ್ ಬರೆಸಬೇಕು. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾರೆ. ಒಂದು, ಅಂಗಡಿಯಿಂದ ತಂದ ರೆಫ್ರಿಜರೆಂಟ್ (ತಂಪು ಮಾಡುವ ಗ್ಯಾಸ್) ಲೀಕ್ ಡಿಟೆಕ್ಟರ್ ಇಡುವ ಕಪಾಟಿಗೆ. ಇನ್ನೊಂದು, ನಾವೇ ಕಲಸಿಟ್ಟ ಸೋಪಿನ ನೀರಿಗೆ. ಅದನ್ನು ಜಾಯಿಂಟಿಗೆ ಹಚ್ಚಿದರೆ ಲೀಕ್ ಇದ್ದಲ್ಲಿ ಗುಳ್ಳೆ ಏಳುತ್ತದೆ. ‘ಶೀತಕ ಸೋರಿಕೆ ಶೋಧಕ’ ಸರಿಯೇ?

ಧಾರವಾಡದಿಂದ:
ಸರಿಯಲ್ಲ. ಶೋಧಿಸುವುದು ಎಂದರೆ ಸೋಸುವುದೂ ಹೌದು. ಹುಡುಗರು ಫಿಲ್ಟರ್ ಅಂದುಕೊಳ್ಳುತ್ತಾರೆ. ‘ಶೀತಕ’ ಅಂದರೆ ರೇಡಿಯೇಟರಿಗೆ ಹಾಕುವ ಕೂಲಂಟ್ ಕೂಡ. ‘ಸೋರು’ ಮಾತ್ರ ಚಿನ್ನದಂಥ ಪದ. ತಮಿಳಿನ ಸೋರ್, ಮಲಯಾಳದ ಚೋರ್ ಇದರ ಒಡಹುಟ್ಟು. ಅದರ ಮೇಲೇ ಕಟ್ಟಿ: ‘ಸೋರುಪತ್ತೆ’.

ಮೈಸೂರಿನಿಂದ:
ಸೋರುವುದು ನೀರು, ಎಣ್ಣೆ. ಟ್ಯೂಬಿನಿಂದ ಗಾಳಿ ‘ಸೋರಿತು’ ಅಂತ ಯಾವ ಪಂಕ್ಚರ್ ಅಂಗಡಿಯವನು ಅಂದಿದ್ದಾನೆ? ಗಾಳಿ ಹೋಗುತ್ತೆ, ಇಳಿಯುತ್ತೆ. ಅಂದಹಾಗೆ ‘ಪತ್ತೆ’ ಹಿಂದಿ, ಮರಾಠಿ ಕಡೆಯ ಮಾಲು. ಅಚ್ಚಗನ್ನಡದ ಹಟ ಅಲ್ಲಿಗೇ ಮುಗೀತಾ?

ಧಾರವಾಡದಿಂದ:
‘ಅನಿಲ ಸೋರಿಕೆ’ ಪೇಪರ್ ಓದುವವರಿಗೆಲ್ಲ ಗೊತ್ತು. ಪಂಕ್ಚರ್ ಅಂಗಡಿಯನ್ನು ನಿಘಂಟು ಮಾಡಬೇಡಿ.

ಬೆಂಗಳೂರಿನಿಂದ:
ನಾನು ಇದೇ ಕೆಲಸದವನು. ‘ಸೋರು’ ತಪ್ಪಲ್ಲ ಸರ್. ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆಯೂ ಪೈಪಿನಲ್ಲಿ ಸುತ್ತುತ್ತೆ. ಲೀಕ್ ಆದ ಕಡೆ ಜಿಡ್ಡು ಕೂರುತ್ತೆ. ಎಷ್ಟೋ ಸಲ ಅದನ್ನು ನೋಡಿಯೇ ಹಿಡಿಯುತ್ತೇವೆ. ಆದರೆ ನಮ್ಮ ಬಾಯಲ್ಲಿ ಅದು ‘ಗ್ಯಾಸ್ ಲೀಕ್ ಚೆಕ್’, ಅಷ್ಟೇ. ಮೊದಲು ಆರ್-22 ಅನ್ನೋ ಎ.ಸಿ. ಗ್ಯಾಸಿಗೆ ಹ್ಯಾಲೈಡ್ ಟಾರ್ಚ್, ಅಂದರೆ ಉರಿಯುವ ಬರ್ನರ್, ಹಿಡಿಯುತ್ತಿದ್ದೆವು. ಗ್ಯಾಸಿನ ಕ್ಲೋರಿನ್ ಕಾದ ತಾಮ್ರಕ್ಕೆ ತಾಗಿ ಉರಿ ಹಸಿರಾಗುತ್ತಿತ್ತು. ಈಗಿನ ಎ.ಸಿ. ಗ್ಯಾಸ್ ಆರ್-32ರಲ್ಲಿ ಕ್ಲೋರಿನ್ನೇ ಇಲ್ಲ. ಫ್ರಿಜ್ಜಿನ ಆರ್-600ಎ ಅಂತೂ ಐಸೋಬ್ಯೂಟೇನ್, ಭಗ್ಗನೆ ಹೊತ್ತಿಕೊಳ್ಳುತ್ತೆ. ಪದ ಯಾವುದಾದರೂ ಇರಲಿ, ಕೆಳಗೆ ‘ಬೆಂಕಿ ಹಿಡಿದು ನೋಡಬೇಡಿ’ ಅಂತ ಬರೆಸಿ.

ಧಾರವಾಡದಿಂದ:
ಗ್ಯಾಸ್, ಲೀಕ್, ಚೆಕ್. ಮೂರಕ್ಕೆ ಮೂರೂ ಇಂಗ್ಲಿಷ್. ಹಾಗಾದರೆ ಕನ್ನಡದ ಬೋರ್ಡ್ ಯಾಕೆ?

ಮೈಸೂರಿನಿಂದ:
‘ಗ್ಯಾಸ್’ ಇಂಗ್ಲಿಷಿಗೂ ಸಾಲವೇ. 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಅನ್ನೋ ರಸಾಯನ ವಿಜ್ಞಾನಿ ಗ್ರೀಕಿನ ‘ಕೇಯಾಸ್’ (ಅಸ್ತವ್ಯಸ್ತ ಸ್ಥಿತಿ) ಹಿಡಿದು ಕಟ್ಟಿದ ಪದ. ‘ಅನಿಲ’ ಸಂಸ್ಕೃತದ ಸಾಲ. ಒಂದು ಸಾಲಕ್ಕೆ ಹಾರ, ಇನ್ನೊಂದಕ್ಕೆ ಬೈಗುಳ ಯಾಕೆ?

ಧಾರವಾಡದಿಂದ:
ಕೇಳಿದ್ದು ಡಿಟೆಕ್ಟರಿಗೆ ಪದ. ಗ್ರೀಕ್ ಪಾಠ ಅಲ್ಲ.

ತುಮಕೂರಿನಿಂದ:
ಪೇಂಟರ್ ಅಕ್ಷರಕ್ಕೆ ಇಷ್ಟು ಅಂತ ದುಡ್ಡು ತಗೊಳ್ತಾರೆ, ಉದ್ದ ಬೇಡ. ಕಪಾಟಿಗೆ ‘ಗ್ಯಾಸ್ ಸೋರಿಕೆ ಪತ್ತೆ ಯಂತ್ರ’. ಬಾಟಲಿಗೆ ‘ಸೋಪಿನ ನೀರು: ಗುಳ್ಳೆ ಬಂದರೆ ಸೋರಿಕೆ’. ಎರಡರ ಕೆಳಗೂ ಬೆಂಕಿಯ ಎಚ್ಚರಿಕೆ, ಕೆಂಪಿನಲ್ಲಿ. ಎಲ್ಲರಿಗೂ ಥ್ಯಾಂಕ್ಸ್.

ಧಾರವಾಡದಿಂದ:
‘ಯಂತ್ರ’ ಸಂಸ್ಕೃತ.