ಮೆಟಾ–ಪ್ಯಾರಾ ಜೈಲೀನ್ ಒಂದೇ ಪೀಕ್, ಏನು ಮಾಡಿದ್ರೂ ಒಡೀತಿಲ್ಲ

ಬೇಸ್‌ಲೈನ್: ಜಿಸಿ (ಗ್ಯಾಸ್ ಕ್ರೊಮ್ಯಾಟೋಗ್ರಫಿ) ಯಂತ್ರದಲ್ಲಿ ಜೈಲೀನ್ ಐಸೋಮರ್‌ಗಳನ್ನ ಬೇರ್ಪಡಿಸ್ತಿದ್ದೀನಿ, ಮೂರು ದಿನದಿಂದ ಇದೇ ಗೋಳು. ಈಥೈಲ್ ಬೆಂಜೀನ್ ಸರಿ, ಆರ್ಥೋ ಸರಿ, ನಡುವೆ ಮೆಟಾ–ಪ್ಯಾರಾ ಒಂದೇ ಗುಡ್ಡ. ಲೈನರ್ (ಇಂಜೆಕ್ಟರಿನ ಗಾಜಿನ ಕೊಳವೆ) ಬದಲಿಸಿದೆ, ಕಾಲಮ್ಮಿಗೆ ಕಮ್ಮಿ ಸ್ಯಾಂಪಲ್ ಹೋಗಲಿ ಅಂತ ಸ್ಪ್ಲಿಟ್ 100ಕ್ಕೆ ಏರಿಸಿದೆ. ಬೇಗ ಹೇಳಿ.

ಫೆರೂಲ್: ರ‍್ಯಾಂಪ್, ಅಂದ್ರೆ ಓವನ್ ಬಿಸಿ ಏರೋ ವೇಗ, ಜೋರಾಗಿದೆ ಅನ್ಸುತ್ತೆ. 40 ಡಿಗ್ರಿಯಲ್ಲಿ 5 ನಿಮಿಷ ನಿಲ್ಲಿಸಿ, ಆಮೇಲೆ ನಿಮಿಷಕ್ಕೆ 2 ಡಿಗ್ರಿ.

ಬೇಸ್‌ಲೈನ್: ಮಾಡಿದೆ. ಅಗಲ ಆಯ್ತೇ ಹೊರತು ಭುಜ ಕೂಡ ಕಾಣಲಿಲ್ಲ.

ಫೆರೂಲ್: ಹಾಗಿದ್ರೆ 1 ಡಿಗ್ರಿ. ಫ್ಲೋನೂ ಇಳಿಸಿ.

ಕಾಲಮ್‌ಕಟ್ಟೆ: ತಡೀರಿ. ಕಾಲಮ್ ಯಾವುದು?

ಬೇಸ್‌ಲೈನ್: ಎಲ್ಲರ ಹತ್ರ ಇರೋದೇ. ಶೇ. 5 ಫಿನೈಲ್, 30 ಮೀಟರ್, ಒಳವ್ಯಾಸ 0.25 ಮಿಮೀ, ಫಿಲ್ಮ್ 0.25 ಮೈಕ್ರಾನ್. ಡಿಟೆಕ್ಟರ್ ಎಫ್‌ಐಡಿ (ಜ್ವಾಲೆಯದು).

ಕಾಲಮ್‌ಕಟ್ಟೆ: ತೊಡಕು ಅಲ್ಲೇ ಇದೆ. ಆ ಫೇಸ್ (ಕಾಲಮ್ ಒಳಗಿನ ಲೇಪ) ಹೆಚ್ಚುಕಮ್ಮಿ ಕುದಿಬಿಂದು ನೋಡಿಯೇ ಬೇರ್ಪಡಿಸುತ್ತೆ. ಪ್ಯಾರಾ 138.4 ಡಿಗ್ರಿ, ಮೆಟಾ 139.1. ಆರ್ಥೋ 144.4, ಅದಕ್ಕೇ ಅದು ದೂರ ನಿಂತಿದೆ. ವ್ಯಾಕ್ಸ್ ಕಾಲಮ್ ಹಾಕಿ, ಅಂದ್ರೆ ಪಾಲಿಎಥಿಲೀನ್ ಗ್ಲೈಕಾಲ್ ಲೇಪದ್ದು. ಪ್ಯಾರಾದ ಎರಡು ಮೀಥೈಲ್ ಎದುರುಬದುರು ಇರೋದ್ರಿಂದ ಡೈಪೋಲ್ ಇಲ್ಲ, ಮೆಟಾಗೆ ಸ್ವಲ್ಪ ಇದೆ. ಧ್ರುವೀಯ ಫೇಸ್ ಮೆಟಾನ ತುಸು ಹೆಚ್ಚು ಹೊತ್ತು ಹಿಡಿಯುತ್ತೆ. 60 ಮೀಟರ್ ಸಿಕ್ಕರೆ ಒಳ್ಳೇದು, ಓವನ್ 60–70 ಡಿಗ್ರಿಯಲ್ಲಿ ಐಸೋಥರ್ಮಲ್, ಅಂದ್ರೆ ಬಿಸಿ ಏರಿಸದೆ.

ಫೆರೂಲ್: ಇದೇ ಫೇಸಲ್ಲಿ 60 ಮೀಟರ್ ಸಾಲದಾ?

ಕಾಲಮ್‌ಕಟ್ಟೆ: ಉದ್ದ ಎರಡರಷ್ಟಾದ್ರೆ ರೆಸಲ್ಯೂಶನ್ 1.4 ಪಟ್ಟು ಅಷ್ಟೆ. ಸೆಲೆಕ್ಟಿವಿಟಿ (ಎರಡನ್ನ ಫೇಸ್ ಹಿಡಿಯೋ ಹೊತ್ತಿನ ಅನುಪಾತ) 1ರ ಹತ್ರ ಇದ್ರೆ ಸೊನ್ನೆಯ 1.4 ಪಟ್ಟೂ ಸೊನ್ನೆಯೇ. ಎಂಎಸ್ (ಮಾಸ್ ಸ್ಪೆಕ್ಟ್ರೋಮೀಟರ್) ಕೂಡ ಕೈಕೊಡುತ್ತೆ, ಎರಡಕ್ಕೂ ಮಾಸ್ 91, 106 ಅದೇ ಸ್ಪೆಕ್ಟ್ರಮ್.

ಹನಿಗಣಕ: ನಿಮ್ಮ ಕ್ಯಾರಿಯರ್ (ಸ್ಯಾಂಪಲ್ ಹೊತ್ತೊಯ್ಯೋ ಅನಿಲ) ನೈಟ್ರೋಜನ್ ಅನ್ಸುತ್ತೆ. ನಮ್ಮಲ್ಲಿ ಹೈಡ್ರೋಜನ್ ಜನರೇಟರ್, ಓವನ್ನಿಗೆ ಸೋರಿಕೆ ಸೆನ್ಸರ್, ಸೆಕೆಂಡಿಗೆ 40 ಸೆಂಮೀ. ಅರ್ಧ ಹೊತ್ತಲ್ಲಿ ರನ್ ಮುಗಿಯುತ್ತೆ.

ಫೆರೂಲ್: ಬೇಗ ಮುಗಿಯೋದು ಬೇರೆ, ಬೇರ್ಪಡೋದು ಬೇರೆ. ನೈಟ್ರೋಜನ್ನನ್ನ 12 ಸೆಂಮೀಗೆ ಇಳಿಸಿದ್ರೆ ಪ್ಲೇಟ್ ಹೈಟ್ (ಕಮ್ಮಿಯಿದ್ದಷ್ಟೂ ಪೀಕ್ ಚೂಪು) ಹೈಡ್ರೋಜನ್‌ಗಿಂತ ಕಮ್ಮಿನೇ.

ಹನಿಗಣಕ: ಆ ವೇಗಕ್ಕೆ ದಿನಕ್ಕೆ ಎಷ್ಟು ಸ್ಯಾಂಪಲ್ ಓಡಿಸ್ತೀರಿ?

ಬೇಸ್‌ಲೈನ್: ಡ್ರಾಯರಲ್ಲಿ ಹಳೇ 30 ಮೀಟರ್ ವ್ಯಾಕ್ಸ್ ಇದೆ. ಗಾಳಿ ಹೋಗದಂತೆ ತುದಿಗಳಿಗೆ ಸೆಪ್ಟಮ್ (ರಬ್ಬರ್ ತುಂಡು) ಚುಚ್ಚಿರಲಿಲ್ಲ. ಹಾಕಲಾ?

ಕಾಲಮ್‌ಕಟ್ಟೆ: ಎರಡೂ ಕಡೆ 30 ಸೆಂಮೀ ಕತ್ತರಿಸಿ. ಲೆನ್ಸಲ್ಲಿ ನೋಡಿ, ಕತ್ತರಿಸಿದ ಅಂಚು ನೇರ ಇರಬೇಕು, ಪಾಲಿಇಮೈಡ್ (ಹೊರ ಲೇಪ) ಚಕ್ಕೆ ನೇತಾಡಬಾರದು. ಡಿಟೆಕ್ಟರಿಗೆ ಸಿಕ್ಕಿಸದೆ, ಓವನ್ ತಣ್ಣಗಿರುವಾಗಲೇ 20 ನಿಮಿಷ ಕ್ಯಾರಿಯರ್ ಹರಿಸಿ. ಒಳಗೆ ಆಕ್ಸಿಜನ್ ಉಳಿದಿರುವಾಗ ಕಾಯಿಸಿದ್ರೆ ವ್ಯಾಕ್ಸ್ ಸುಟ್ಟುಹೋಗುತ್ತೆ. ಆಮೇಲೆ ನಿಮಿಷಕ್ಕೆ 5 ಡಿಗ್ರಿಯಂತೆ 220ಕ್ಕೆ ಏರಿಸಿ. 240 ದಾಟಬೇಡಿ. ಡಿಟೆಕ್ಟರಿಗೆ ಜೋಡಿಸಿದ ಮೇಲೆ ಸಿಗ್ನಲ್‌ನ ಬೇಸ್‌ಲೈನ್ ಇಳಿದು ನಿಂತರೆ ಬಳಸಿ. ಇನ್ನೊಂದು: ಇದರಲ್ಲಿ ಪ್ಯಾರಾ ಮೊದಲು, ಮೆಟಾ ಆಮೇಲೆ. ಒಂದೊಂದೇ ಇಂಜೆಕ್ಟ್ ಮಾಡಿ ಹೆಸರು ಕೊಡಿ.

ಬೇಸ್‌ಲೈನ್: ಬಿಡಿ ಸ್ಟ್ಯಾಂಡರ್ಡ್ ಇಲ್ಲ, ಮಿಶ್ರಣ ಮಾತ್ರ.

ಕಾಲಮ್‌ಕಟ್ಟೆ: ಸರ್ಟಿಫಿಕೇಟಲ್ಲಿ ಎರಡರ ಪ್ರಮಾಣ ಬೇರೆಬೇರೆ ಇದ್ರೆ ಏರಿಯಾ ನೋಡಿ ಗೊತ್ತಾಗುತ್ತೆ. ಸಮ ಇದ್ರೆ ಪ್ಯಾರಾದ ಸಣ್ಣ ಬಾಟಲಿ ಒಂದು ತರಿಸಲೇಬೇಕು.